ಹೊಳೆ ದಾಟಿದ ಓಟ

ದೀಪಾವಳಿಗೆಂದು ಬೆಂಗಳೂರಿನಿಂದ ಬಂದ ನಮ್ಮ ಸೋದರಳಿಯನಿಗೆ ಬೆಳಗ್ಗೆ ಓಡದಿದ್ದರೆ ಕಾಫಿಯೂ ರುಚಿಸದು. ಕಾಸರಗೋಡು ಪೇಟೆಯಿಂದ ಚಂದ್ರಗಿರಿ ಕೋಟೆಯ ದಾರಿಯನ್ನು ನಾನೇ ಸೂಚಿಸಿದೆ. ಆತ ಓಡಿದ, ನಾನು ಸೈಕಲಿನಲ್ಲಿ ಹಿಂಬಾಲಿಸಿದೆ.

ಸೇತುವೆಯ ಮೇಲೆ ಅವನನ್ನು ತಡೆದೆ. "ಮಾವ, ನಿಂತರೆ ನನ್ನ ಲೆಕ್ಕ ತಪ್ಪುತ್ತದೆ" ಎಂದು ಕೈಗಡಿಯಾರ ತೋರಿಸಿದ. ತಪ್ಪಲಿ ಎಂದೆ. ತುಳುನಾಡಿಗೂ ಮಲೆಯಾಳಕ್ಕೂ ಹಿಂದಿನವರು ಎಲ್ಲೆಯೆಂದು ಎಣಿಸಿದ್ದು ಈ ಹೊಳೆಯನ್ನೇ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿತು. ಹೊಳೆಯ ಉತ್ತರ ಭಾಗವು ಮೈಸೂರು ರಾಜ್ಯಕ್ಕೆ ಸಲ್ಲಬೇಕೆಂದು 1967ರಲ್ಲಿ ಮಹಾಜನ ಆಯೋಗವು ಶಿಫಾರಸು ಮಾಡಿತು. ಅದು ಕಾಗದದಲ್ಲೇ ಉಳಿಯಿತು. ಹುಡುಗನಿಗೆ ಇದಾವುದೂ ತಿಳಿದಿರಲಿಲ್ಲ. ಹೇಳದಿದ್ದ ತಪ್ಪು ನಮ್ಮದೇ ಅಲ್ಲವೇ?

ದಕ್ಷಿಣ ದಡದ ಗುಡ್ಡದ ಮೇಲೆ ಕೋಟೆ. ಹದಿನೇಳನೆಯ ಶತಮಾನದಲ್ಲಿ ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆಂದು ಹೇಳುವ ಮುರಕಲ್ಲಿನ ಗೋಡೆಗಳು ಹಲವೆಡೆ ಕುಸಿದಿವೆ. ಬೇಕಲದ ವೈಭವ ಇಲ್ಲಿಲ್ಲ, ಗದ್ದಲವೂ ಇಲ್ಲ. ಕೆಳಗೆ ತೆಂಗಿನ ತೋಟಗಳು, ಕಡಲ ಕಡೆಗೆ ಹರಿಯುವ ಹೊಳೆ. ಮಳೆಗಾಲದಲ್ಲಿ ಪಾಚಿ ಜಾರುತ್ತದೆ. ಓಡುವವರು ಗುಡ್ಡದ ಬುಡದಲ್ಲೇ ನಡಿಗೆಗೆ ಇಳಿಯುವುದು ಲೇಸು. ಸೇತುವೆಯನ್ನಂತೂ ವಾಹನಗಳ ಕಾಟ ಹೆಚ್ಚುವ ಮೊದಲು, ಬೆಳಕು ಹರಿಯುತ್ತಲೇ ದಾಟಬೇಕು.

ಇನ್ನೂ ಪ್ರಶಾಂತವಾದ ದಾರಿಯನ್ನು ಬಯಸುವ ವಾಚಕರು ಕುಂಬಳೆಯಿಂದ ಅನಂತಪುರಕ್ಕೆ ಹೋಗಬಹುದು. ಸುಮಾರು ಆರು ಕಿಲೋಮೀಟರು. ಕೆರೆಯ ನಡುವಣ ಆ ದೇವಾಲಯದ ಮೊಸಳೆ ಬಬಿಯ 2022ರಲ್ಲಿ ತೀರಿಕೊಂಡಿತು. ಮರುವರ್ಷ ಕೆರೆಯಲ್ಲಿ ಇನ್ನೊಂದು ಕಾಣಿಸಿಕೊಂಡಿತು.

ಮರುದಿನ ಅಳಿಯ ಸೇತುವೆಯಲ್ಲಿ ತಾನಾಗಿಯೇ ನಿಂತ. ಅಜ್ಜ ಹೊಳೆ ದಾಟುತ್ತಿದ್ದುದು ಹೇಗೆಂದು ಕೇಳಿದ. ಕಡವಿನ ದೋಣಿಯಲ್ಲಿ ಎಂದೆ. ಗಡಿಯಾರವನ್ನು ನೋಡಲಿಲ್ಲ.