ಬರದ ಸೀಮೆಯಲ್ಲಿ ‘ಹೆಚ್ಚಾದವರು’ ಯಾರು?

ಒಣಭೂಮಿಯಲ್ಲಿ ಜನ ಮಿತಿಮೀರಿದ್ದಾರೆ, ನೆಲ ಅವರನ್ನು ಹೊರಲಾರದು ಎಂಬುದು ಹಳೆಯ ರಾಗ. ಅದಕ್ಕೆ ಈಗ ಹೊಸ ಅಂಕಿಗಳ ಹಿಮ್ಮೇಳ ದೊರೆತಿದೆ. ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಡಂಬಡಿಕೆಯವರು 2024ರ ಡಿಸೆಂಬರಿನಲ್ಲಿ ಹೊರಡಿಸಿದ ವರದಿಯಂತೆ, ಅಂಟಾರ್ಕ್ಟಿಕವನ್ನು ಬಿಟ್ಟರೆ ಜಗತ್ತಿನ ನೆಲದಲ್ಲಿ ನೂರಕ್ಕೆ 40ಕ್ಕಿಂತ ಹೆಚ್ಚು ಪಾಲು ಒಣಭೂಮಿ. ಅಲ್ಲಿ ಬಾಳುವವರು 230 ಕೋಟಿ. ಮೂರು ದಶಕಗಳಲ್ಲಿ ಈ ಸಂಖ್ಯೆ ಇಮ್ಮಡಿಯಾಗಿದೆ. ಇದನ್ನು ಹಿಡಿದು ಪಂಡಿತರು ಬಡವರ ಮಕ್ಕಳನ್ನು ಎಣಿಸಲು ಕುಳಿತಿದ್ದಾರೆ.

ಅದೇ ವರದಿಯ ಇನ್ನೊಂದು ಮಾತನ್ನು ಈ ಮಹಾಶಯರು ಓದುವುದಿಲ್ಲ. ಆ ಅವಧಿಯಲ್ಲಿ ಒಣಭೂಮಿಯೇ ಸುಮಾರು 43 ಲಕ್ಷ ಚದರ ಕಿಲೋಮೀಟರಿನಷ್ಟು ಹಿಗ್ಗಿದೆ. ಇಡೀ ಭಾರತಕ್ಕಿಂತಲೂ ಹೆಚ್ಚು! ಅಂದಮೇಲೆ ಬೆಂಗಾಡಿನಲ್ಲಿ ಜನ ಹೆಚ್ಚಿದ್ದು ಹುಟ್ಟಿನಿಂದ ಮಾತ್ರವಲ್ಲ, ಬೆಂಗಾಡೇ ಜನರ ಹೊಸ್ತಿಲಿಗೆ ಬಂದದ್ದರಿಂದ. ನೂರೈವತ್ತು ವರ್ಷ ಕಲ್ಲಿದ್ದಲು, ಎಣ್ಣೆ ಸುಟ್ಟು ಗಾಳಿಯನ್ನು ಕಾಯಿಸಿದವರು ಸಹೇಲಿನ ಕುರಿಗಾಹಿಗಳೇ?

ಅಮೆರಿಕದ ಲಾಸ್ ವೇಗಾಸ್ ನೋಡಿ. ವರ್ಷದ ಮಳೆ ಸುಮಾರು 10 ಸೆಂಟಿಮೀಟರು. 1950ರಲ್ಲಿ ಊರಿನ ಜನ 25 ಸಾವಿರದಷ್ಟು. ಇಂದು ಸುತ್ತಮುತ್ತಲ ನಗರ ಪ್ರದೇಶವೂ ಸೇರಿ 20 ಲಕ್ಷಕ್ಕೂ ಮಿಕ್ಕು. ಜೂಜುಕಟ್ಟೆಗಳ ಮುಂದೆ ಕಾರಂಜಿ ಕುಣಿಯುತ್ತದೆ. ಹೂವರ್ ಅಣೆಕಟ್ಟು ಕಟ್ಟಿ ಕೊಲರಾಡೊ ನದಿಯನ್ನು ತಡೆದು ಕೊಟ್ಟದ್ದು ಸರ್ಕಾರ. (ಬಳಸಿದ ನೀರನ್ನು ಶುದ್ಧಿಮಾಡಿ ಅವರು ಸರೋವರಕ್ಕೆ ಮರಳಿಸುತ್ತಾರೆ, ನಿಜ, ಅದೂ ದುಡ್ಡಿದ್ದವರಿಗೆ ಸಾಧ್ಯವಾದ ಪುಣ್ಯ.) ಅಲ್ಲಿ ಜನ ಹೆಚ್ಚಾದರೆಂದು ಯಾವ ಪಂಡಿತನೂ ಕಣ್ಣೀರಿಡಲಿಲ್ಲ. ರಾಯಚೂರಿನಲ್ಲಿ 60 ಸೆಂಟಿಮೀಟರಿನಷ್ಟು ಮಳೆ, ಎಡಬಲಕ್ಕೆ ಕೃಷ್ಣೆ-ತುಂಗಭದ್ರೆ. ಆದರೂ ಸುಗ್ಗಿ ಮುಗಿಯುವ ಮುನ್ನವೇ ಕೂಲಿಕಾರರು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ ಗುಳೆ ಹೊರಡುತ್ತಾರೆ. ಆಗ ಮಾತ್ರ ‘ಜನಸಂಖ್ಯೆಯ ಒತ್ತಡ’!

ಈ ತರ್ಕಕ್ಕೆ ನಮ್ಮಲ್ಲಿ ರಕ್ತದ ಚರಿತ್ರೆಯಿದೆ. 1876-78ರ ಬರದಲ್ಲಿ ಸರ್ ರಿಚರ್ಡ್ ಟೆಂಪಲ್ ಕಾಮಗಾರಿಯ ಕೂಲಿಯನ್ನು ದಿನಕ್ಕೊಂದು ಪೌಂಡು ಧಾನ್ಯದ ಮಟ್ಟಕ್ಕಿಳಿಸಿದ. ಇಂಗ್ಲೆಂಡಿಗೆ ಗೋಧಿಯ ರಫ್ತು ನಿಲ್ಲಲಿಲ್ಲ. ಮೈಸೂರು ಸೀಮೆಯಲ್ಲಿ 1871ರಲ್ಲಿ 50 ಲಕ್ಷ ಮೀರಿದ್ದ ಜನ 1881ರಲ್ಲಿ 42 ಲಕ್ಷಕ್ಕೂ ಕಡಿಮೆ. ಜನ ಕಡಿಮೆಯಾದರಲ್ಲ, ಉಳಿದವರ ಬಡತನ ನೀಗಿತೇ?

ತುಂಗಭದ್ರಾ ಎಡದಂಡೆ ಕಾಲುವೆಯಲ್ಲಿ 1953ರಲ್ಲಿ ನೀರು ಹರಿಯಿತು. ಹೆಚ್ಚು ಹೊಲಗಳಿಗೆ ಸ್ವಲ್ಪಸ್ವಲ್ಪ ನೀರುಣಿಸಿ ಜೋಳ, ಹತ್ತಿಯಂಥ ಬೆಳೆಗಳನ್ನು ಉಳಿಸುವುದು ಯೋಜನೆಯ ಮೂಲ ಉದ್ದೇಶ. ಆದದ್ದೇನು? ಮೇಲ್ಭಾಗದಲ್ಲಿ ಭತ್ತದ ಗದ್ದೆ, ಅಕ್ಕಿ ಗಿರಣಿ. ಕೊನೇ ಭಾಗದ ಮಾನ್ವಿ, ರಾಯಚೂರು ತಾಲೂಕುಗಳ ರೈತ ಒಣಗಿದ ಉಪಕಾಲುವೆಯ ಪಕ್ಕದಲ್ಲಿ ಧರಣಿ ಕೂರಬೇಕು. ಎಣಿಸುವ ಚಪಲವಿದ್ದವರು ಜನರನ್ನು ಬಿಟ್ಟು, ಯಾವ ತೂಬಿನಿಂದ ಯಾರ ಹೊಲಕ್ಕೆ ಎಷ್ಟು ನೀರು ಹೋಯಿತೆಂದು ಎಣಿಸಲಿ. ನೀರಾವರಿ ಇಲಾಖೆ ಆ ಪಟ್ಟಿಯನ್ನು ಹೆಸರು ಸಮೇತ ಪ್ರತಿ ಪಂಚಾಯಿತಿಯ ಗೋಡೆಗೆ ಅಂಟಿಸಲಿ.