ಶರಾವತಿಯಿಂದ ಇನ್ನೆಷ್ಟು ಕೇಳುತ್ತೀರಿ?

ಬೆಳೆಯುವ ರಾಜ್ಯಕ್ಕೆ ಕರೆಂಟು ಬೇಕು. ಕಲ್ಲಿದ್ದಲು ಸುಡುವುದು ಕಡಿಮೆಯಾಗಬೇಕು, ಹಗಲಿನ ಸೌರವಿದ್ಯುತ್ತು ಸಂಜೆಗೂ ಉಳಿಯಬೇಕು. ಇದರಲ್ಲಿ ನನಗೆ ತಕರಾರಿಲ್ಲ. ಹವಾಮಾನದ ಹೆಸರಿನಲ್ಲಿ ಮತ್ತೆ ಶರಾವತಿ ಕಣಿವೆಯನ್ನೇ ಅಗೆಯಹೊರಟಿರುವುದನ್ನು ಮಾತ್ರ ಒಪ್ಪಲಾರೆ.

ಇಲ್ಲಿಗೆ ಯೋಜಿಸಿರುವ 2,000 ಮೆಗಾವಾಟ್‌ನ ಪಂಪ್ಡ್ ಸ್ಟೋರೇಜ್ ಯೋಜನೆಯಲ್ಲಿ ಕೆಳಗಿನ ಗೇರುಸೊಪ್ಪ ಜಲಾಶಯದ ನೀರನ್ನು ಮೇಲಿನ ತಲಕಳಲೆ ಜಲಾಶಯಕ್ಕೆ ಎತ್ತಿ, ಬೇಡಿಕೆ ಏರಿದಾಗ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುತ್ತಾರೆ. ಎತ್ತಲು ಸುರಿಯುವ ಕರೆಂಟು, ಇಳಿಸಿ ಪಡೆಯುವುದಕ್ಕಿಂತ ಹೆಚ್ಚು. ಎರಡೂ ಅಣೆಕಟ್ಟೆ ಆಗಲೇ ಇವೆ, ದೊಡ್ಡ ಮುಳುಗಡೆ ಇಲ್ಲ ಎಂಬುದು ಪರವಾದಿಗಳ ಮಾತು. ಆದರೆ ಆ ಎರಡು ಕಟ್ಟೆಗಳ ನಡುವೆ ಇರುವುದು ಸಿಂಗಳೀಕ ಅಭಯಾರಣ್ಯ. ಸುರಂಗ ಕೊರೆಯಬೇಕು, ಲಾರಿ ಓಡಲು ರಸ್ತೆ ಬೇಕು, ಬಂಡೆ ಸಿಡಿಸಿ ತೆಗೆದ ಮಣ್ಣುಕಲ್ಲನ್ನು ಎಲ್ಲಾದರೂ ಸುರಿಯಬೇಕು. ಸಿಂಗಳೀಕ ನೆಲಕ್ಕಿಳಿಯುವುದೇ ಅಪರೂಪ, ಕೊಂಬೆಯಿಂದ ಕೊಂಬೆಗೆ ಹಾರಿ ಬದುಕುವ ಪ್ರಾಣಿ. ನೆತ್ತಿಯ ಹಸಿರು ಚಪ್ಪರ ಹರಿದರೆ ಒಂದು ಗುಂಪು ಇನ್ನೊಂದರಿಂದ ದೂರವಾಗುತ್ತದೆ. ಪಶ್ಚಿಮ ಘಟ್ಟ ಬಿಟ್ಟರೆ ಅದಕ್ಕೆ ಬೇರೆ ನೆಲೆಯೇ ಇಲ್ಲ.

2024ರ ಜುಲೈನಲ್ಲಿ ಗೇರುಸೊಪ್ಪ ಇರುವ ಇದೇ ಉತ್ತರ ಕನ್ನಡದ ಶಿರೂರಿನಲ್ಲಿ ಭಾರಿ ಮಳೆಗೆ ಹೆದ್ದಾರಿ ಬದಿಯ ಗುಡ್ಡ ಕುಸಿದು ಜನ ಸತ್ತರು. ಒಮ್ಮೆಲೇ ಬಂದು ಸುರಿಯುವ ಇಂಥ ಮಳೆ ಹವಾಮಾನ ಬಿಸಿಯೇರಿದಂತೆ ಹೆಚ್ಚುತ್ತದೆ. ಆ ಮಳೆಯಿಂದ ಪಾರಾಗಲು ಘಟ್ಟದ ಇಳಿಜಾರನ್ನೇ ಸಡಿಲಿಸುವುದು ಯಾವ ಲೆಕ್ಕ?

ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟೆ ಕಟ್ಟಿ ಮುಗಿಸಿದ್ದು 1964ರಲ್ಲಿ. ನಾಡಿಗೆ ದೀಪ ಹಚ್ಚಿದ ಆ ಮುಳುಗಡೆಯಲ್ಲಿ ಮನೆ, ತೋಟ, ಗದ್ದೆ ಕಳೆದುಕೊಂಡವರ ಎಷ್ಟೋ ಕುಟುಂಬಗಳು ಇಂದಿಗೂ ಹಕ್ಕುಪತ್ರಕ್ಕೆ ಅಲೆಯುತ್ತಿವೆ. ಹಿನ್ನೀರಿನಾಚೆ ಉಳಿದವರು ಆಸ್ಪತ್ರೆಗೂ ಲಾಂಚ್ ಕಾಯುತ್ತ ಆರು ದಶಕ ಕಳೆದರು; ಸಿಗಂದೂರು ಸೇತುವೆ ತೆರೆದದ್ದು 2025ರ ಜುಲೈನಲ್ಲಿ. ಅದಾದ ಎರಡೇ ತಿಂಗಳಿಗೆ ಕಾರ್ಗಲ್, ಗೇರುಸೊಪ್ಪಗಳಲ್ಲಿ ಹೊಸ ಯೋಜನೆಯ ಅಹವಾಲು ಸಭೆ ನಡೆಯಿತು. ಜನ ಸಿಟ್ಟಿನಿಂದಲೇ ಬಂದರು. ಬಾರದೆ ಇನ್ನೇನು ಮಾಡಿಯಾರು?

ಬೇರೆ ದಾರಿ ಇಲ್ಲವೆನ್ನಬೇಡಿ. ಪಾವಗಡದ 2,050 ಮೆಗಾವಾಟ್ ಸೌರ ಪಾರ್ಕಿನ ಪಕ್ಕದಲ್ಲೇ ಬ್ಯಾಟರಿ ಸಂಗ್ರಹಾಗಾರ ಕೂರಿಸಬಹುದು. ಬ್ಯಾಟರಿ ಬೆಲೆ ಕೆಲವೇ ವರ್ಷಗಳಲ್ಲಿ ಭಾರಿ ಇಳಿದಿದೆ. ಬೆಂಗಳೂರಿನ ತಾರಸಿಗಳಲ್ಲಿ ಬಿಸಿಲಿಗೆ ಬರವಿಲ್ಲ. ಬ್ಯಾಟರಿಗೆಷ್ಟು, ಸುರಂಗಕ್ಕೆಷ್ಟು, ಕಾಡಿನ ಬೆಲೆಯೆಷ್ಟು ಎಂಬುದನ್ನು ಸರ್ಕಾರ ಕನ್ನಡದಲ್ಲಿ, ಪ್ರತಿ ಗ್ರಾಮ ಪಂಚಾಯಿತಿಯ ಮುಂದೆ ಇಡಲಿ. ಮುಳುಗಡೆಯವರ ಹಕ್ಕುಪತ್ರವನ್ನು ಮೊದಲು ಕೊಡಲಿ. ಅಲ್ಲಿಯವರೆಗೆ ಕಣಿವೆಯಲ್ಲಿ ಒಂದು ಮರಕ್ಕೂ ಗುರುತು ಹಾಕಬಾರದು.