ನೆಲವೂ ಡೊಂಕಿರಬಹುದು

ಕುಣಿಯಲಾರದವರು ನೆಲ ಡೊಂಕು ಎಂದರಂತೆ. ತಮ್ಮ ಕೊರತೆಯನ್ನು ಮುಚ್ಚಿಕೊಳ್ಳಲು ಹೊರಗಿನದನ್ನು ದೂರುವವರನ್ನು ಗೇಲಿ ಮಾಡುವ ಈ ಗಾದೆ ನಮ್ಮ ಸಾರ್ವಜನಿಕ ಬದುಕಿನಲ್ಲಿ ಅಲಿಖಿತ ನಿಯಮದಂತೆ ಚಲಾವಣೆಯಲ್ಲಿದೆ. ಯಂತ್ರವನ್ನು ಬಳಸಲು ತಿಳಿಯದವರು, ಅರ್ಜಿಯನ್ನು ಸರಿಯಾಗಿ ತುಂಬಲಾರದವರು, ಪರದೆಯ ಮೇಲೆ ಒತ್ತಬಾರದ ಕಡೆ ಒತ್ತಿದವರು ಎಲ್ಲರೂ ತಪ್ಪಿತಸ್ಥರೆಂಬ ತೀರ್ಮಾನ ಮೊದಲೇ ಆಗಿರುತ್ತದೆ. ಆದರೆ ಇದೇ ಗಾದೆಯನ್ನು ತಿರುವುಮುರುವು ಮಾಡಿ, ಕುಣಿಯುವವರು ಎಡವಿದರೆ ಮೊದಲು ನೆಲವನ್ನು ಪರೀಕ್ಷಿಸಬೇಕು ಎಂಬ ತತ್ತ್ವದ ಮೇಲೆ ಬೆಳೆದ ಒಂದು ಉದ್ಯಮವಿದೆ. ಅದು ವಿಡಿಯೊ ಗೇಮ್ ಉದ್ಯಮ. ಮಕ್ಕಳ ಕಾಲಹರಣವೆಂದು ಹಿರಿಯರು ಮೂಗು ಮುರಿಯುವ ಈ ಕ್ಷೇತ್ರದಿಂದ ನಮ್ಮ ಆಡಳಿತ ಕಲಿಯಬೇಕಾದುದು ಬಹಳಷ್ಟಿದೆ ಎಂಬುದು ನನ್ನ ವಾದ. ಅದನ್ನು ಕಾಣಬೇಕಾದರೆ ಚೆನ್ನಾಗಿ ಆಡುವವರನ್ನಲ್ಲ, ಆಡಲು ಬಾರದವರನ್ನು ಗಮನಿಸಬೇಕು.

ಆ ಎರಡನೆಯ ವರ್ಗಕ್ಕೆ ನಾನು ನಿಸ್ಸಂಶಯವಾಗಿ ಸೇರುತ್ತೇನೆ. ನಿವೃತ್ತಿಯ ನಂತರ ಮೊಮ್ಮಕ್ಕಳ ಒತ್ತಾಯಕ್ಕೆ ಮಣಿದು ಆಟದ ಗುಂಡಿಗಳನ್ನು ಹಿಡಿದವನು ನಾನು. ಜಪಾನಿನ ನಿಂಟೆಂಡೊ ಕಂಪನಿ 1985ರಲ್ಲಿ ಹೊರತಂದ ‘ಸೂಪರ್ ಮಾರಿಯೊ ಬ್ರದರ್ಸ್’ ಆಟದಲ್ಲಿ ಮೊದಲ ಸಾವು ಕೆಲವೇ ಸೆಕೆಂಡುಗಳಲ್ಲಿ ಬರುತ್ತದೆ. ಎದುರಿನಿಂದ ಅಣಬೆಯಾಕಾರದ ಪ್ರಾಣಿಯೊಂದು ನಿಧಾನವಾಗಿ ನಡೆದು ಬರುತ್ತದೆ. ಕಾದು ನೋಡುವ ಆಡಳಿತ ನೀತಿ ಇಲ್ಲಿ ಕೆಲಸಕ್ಕೆ ಬಾರದು. ನಿಂತಲ್ಲೇ ನಿಂತವನು ಸಾಯುತ್ತಾನೆ. ಎರಡನೆಯ ಪ್ರಯತ್ನದಲ್ಲಿ ಅದನ್ನು ಹೇಗೋ ದಾಟಿ ತಲೆಯ ಮೇಲಿನ ಇಟ್ಟಿಗೆಯನ್ನು ಗುದ್ದಿದರೆ ಅದರಿಂದ ಇನ್ನೊಂದು ಅಣಬೆ ಹೊರಬರುತ್ತದೆ. ಅನುಭವದಿಂದ ಪಾಠ ಕಲಿತ ಮನುಷ್ಯ ಸಹಜವಾಗಿಯೇ ಅದರಿಂದ ಓಡಲೆತ್ನಿಸುತ್ತಾನೆ. ಅದಾದರೋ ಮುಂದಿನ ಕೊಳವೆಗೆ ಡಿಕ್ಕಿ ಹೊಡೆದು, ಹಿಂದಿರುಗಿ, ಬೆನ್ನಟ್ಟಿ ಬರುತ್ತದೆ. ಹಾರಿ ತಪ್ಪಿಸಿಕೊಳ್ಳೋಣವೆಂದರೆ ಮೇಲಿನ ಇಟ್ಟಿಗೆಗೆ ತಲೆ ಬಡಿದು ಅದರ ಮೇಲೆಯೇ ಬೀಳುತ್ತೇವೆ. ಆಶ್ಚರ್ಯವೆಂದರೆ ಈ ಅಣಬೆ ಶತ್ರುವಲ್ಲ, ವರ. ಅದು ತಗುಲಿದ ಕೂಡಲೇ ಮಾರಿಯೊ ದೊಡ್ಡವನಾಗುತ್ತಾನೆ. ವರದಿಂದ ತಪ್ಪಿಸಿಕೊಳ್ಳಲು ನಾನು ಪಟ್ಟ ಪಾಡನ್ನು ಕಂಡು ಮೊಮ್ಮಕ್ಕಳು ನೆಲದ ಮೇಲೆ ಉರುಳಾಡಿ ನಕ್ಕರು.

ಕಾರು ಓಡಿಸುವ ‘ಮಾರಿಯೊ ಕಾರ್ಟ್’ ಆಟದ ಅಪಘಾತಗಳದು ಇನ್ನೊಂದು ಬಗೆ. ಇಬ್ಬರು ಆಡುವಾಗ ಟಿವಿ ಪರದೆ ಎರಡು ಭಾಗವಾಗುತ್ತದೆ. ಮೊದಲ ಎರಡು ಸುತ್ತು ನನ್ನ ಕಾರು ನೀರು ಹರಿದಂತೆ ತಿರುವುಗಳನ್ನು ದಾಟುತ್ತಿತ್ತು. ಈ ವಯಸ್ಸಿನಲ್ಲೂ ಇಂಥ ಚುರುಕುತನ ಉಳಿದಿದೆಯಲ್ಲ ಎಂದು ಹಿಗ್ಗುತ್ತಿದ್ದೆ. ಮೂರನೆಯ ಸುತ್ತಿನಲ್ಲಿ, ನಾನು ನೋಡುತ್ತಿರುವುದು ಮೊಮ್ಮಗಳ ಕಾರು, ನನ್ನದು ಇನ್ನೊಂದು ಭಾಗದಲ್ಲಿ ಗೋಡೆಗೆ ಮೂಗೊತ್ತಿ ನಿಂತಿದೆ ಎಂಬುದು ತಿಳಿಯಿತು. ಅದನ್ನು ಬಿಡಿಸಿಕೊಂಡು ವೇಗವಾಗಿ ಹೊರಟರೆ, ಮೋಡದ ಮೇಲೆ ಕುಳಿತ ಆಮೆಯೊಂದು ಫಲಕ ಹಿಡಿದು ನೀವು ವಿರುದ್ಧ ದಿಕ್ಕಿನಲ್ಲಿ ಹೋಗುತ್ತಿದ್ದೀರಿ ಎಂದು ಎಚ್ಚರಿಸುತ್ತದೆ. ಕಂದಕಕ್ಕೆ ಬಿದ್ದರೆ ಅದೇ ಆಮೆ ಗಾಳ ಹಾಕಿ ಮೇಲೆತ್ತಿ ರಸ್ತೆಯ ಮೇಲೆ ಇಡುತ್ತದೆ. ಬಿದ್ದಷ್ಟು ಸಲವೂ ಎತ್ತುತ್ತದೆ, ಒಮ್ಮೆಯೂ ಗದರುವುದಿಲ್ಲ.

ಮೊಬೈಲಿನ ‘ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ’ದಂಥ ಯುದ್ಧದ ಆಟಗಳಲ್ಲಿ ನೂರು ಜನ ವಿಮಾನದಿಂದ ದ್ವೀಪವೊಂದಕ್ಕೆ ಧುಮುಕುತ್ತಾರೆ. ಯಾವಾಗ ಧುಮುಕಬೇಕೆಂದು ತಿಳಿಯದವರನ್ನು ಹಾರಾಟದ ಕೊನೆಯಲ್ಲಿ ವಿಮಾನವೇ ಹೊರದಬ್ಬುತ್ತದೆ. ಅಂಥವರು ಯುದ್ಧಭೂಮಿಯನ್ನು ಸೇರಲು ಮೊದಲು ಸಮುದ್ರ ಈಜಬೇಕಾಗುತ್ತದೆ. ಹೇಗೋ ದಡ ಸೇರಿ, ಗುಡಿಸಲಲ್ಲಿ ಅಡಗಿ, ನಾಲ್ಕಾರು ಶತ್ರುಗಳನ್ನು ಹೊಡೆದುರುಳಿಸಿದ ಹೊಸಬರು ತಮ್ಮ ಪರಾಕ್ರಮಕ್ಕೆ ತಾವೇ ಬೆರಗಾಗುವುದುಂಟು. ಆರಂಭದ ಪಂದ್ಯಗಳಲ್ಲಿ ಎದುರಾಳಿಗಳಲ್ಲಿ ಹಲವರು ಮನುಷ್ಯರೇ ಅಲ್ಲ, ಸುಲಭವಾಗಿ ಸೋಲಲೆಂದೇ ಕಂಪ್ಯೂಟರು ಕಳಿಸಿದ ಬೊಂಬೆಗಳು ಎಂಬ ಸಂಗತಿಯನ್ನು ಮನೆಯ ಮಕ್ಕಳು ಆಮೇಲೆ ನಿರ್ದಾಕ್ಷಿಣ್ಯವಾಗಿ ತಿಳಿಸುತ್ತಾರೆ.

ಈ ಅಪಘಾತಗಳೆಲ್ಲ ನಗೆ ತರಿಸುವುದೇಕೆ? ಬಿದ್ದವರಿಗೂ ನೋಡುವವರಿಗೂ ಒಟ್ಟಿಗೆ ನಗಲು ಸಾಧ್ಯವಾಗುವುದೇಕೆ? ಉತ್ತರ ಸರಳ: ಬೀಳುವುದರ ಬೆಲೆ ಅತ್ಯಲ್ಪ. ಬೆಲೆ ಏರಿದಂತೆ ನಗೆ ಕಡಿಮೆಯಾಗುತ್ತದೆ. ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದವನಿಗೆ ಇದರ ಬೆನ್ನಿಗೇ ಏಳುವ ಪ್ರಶ್ನೆ, ಆ ಬೆಲೆಯನ್ನು ಯಾರು ತೆರುತ್ತಾರೆ ಎಂಬುದು. ವಿಡಿಯೊ ಗೇಮುಗಳ ಇತಿಹಾಸವನ್ನು ಈ ಒಂದು ಪ್ರಶ್ನೆಯ ಬೆಳಕಿನಲ್ಲೇ ಓದಬಹುದು.

ಎಪ್ಪತ್ತರ ದಶಕದ ಕೊನೆಯಲ್ಲಿ, 1978ರ ‘ಸ್ಪೇಸ್ ಇನ್‌ವೇಡರ್ಸ್’ನಂಥ ಆಟಗಳು ನಾಣ್ಯ ಹಾಕಿ ಆಡುವ ಯಂತ್ರಗಳಲ್ಲಿ ಬಂದವು. ಅಲ್ಲಿ ಆಟಗಾರ ಬೇಗ ಸತ್ತಷ್ಟೂ ಅಂಗಡಿಯವನಿಗೆ ಲಾಭ. ಹಾಗಾಗಿ ಆಟವನ್ನು ಕಠಿಣವಾಗಿಸುವುದೇ ವ್ಯಾಪಾರದ ಜಾಣತನವಾಗಿತ್ತು. ಎಂಬತ್ತರ ದಶಕದಲ್ಲಿ ಆಟದ ಯಂತ್ರ ಮನೆಗೆ ಬಂದಾಗ ಲೆಕ್ಕಾಚಾರ ಬದಲಾಯಿತು. ಗ್ರಾಹಕ ಪೂರ್ತಿ ಬೆಲೆಯನ್ನು ಮೊದಲೇ ಕೊಟ್ಟಿರುತ್ತಾನೆ. ಬೇಸತ್ತು ಆಟವನ್ನು ಮೂಲೆಗೆಸೆದರೆ ಮುಂದಿನ ಆಟವನ್ನು ಕೊಳ್ಳುವುದಿಲ್ಲ. ಹೊಸಬರ ಸೋಲು ಈಗ ಕಂಪನಿಯ ನಷ್ಟವೂ ಆಯಿತು. ಮಾರಿಯೊ ಆಟದ ಮೊದಲ ಹಂತ ಅಷ್ಟು ಜಾಣತನದಿಂದ ರಚನೆಯಾದುದರ ಹಿನ್ನೆಲೆ ಇದು. ವರವಾದ ಅಣಬೆ ಹಿಂದಿರುಗಿ ಬರುವುದು, ತಲೆಯ ಮೇಲೆ ಇಟ್ಟಿಗೆ ಇರುವುದು ಆಕಸ್ಮಿಕಗಳಲ್ಲ. ಹೆದರಿ ಓಡುವ ಹೊಸಬರಿಗೂ ಅದು ಸಿಗಲೇಬೇಕೆಂಬ ಉದ್ದೇಶದಿಂದಲೇ ಹಾಗೆ ಜೋಡಿಸಿದ್ದಾಗಿ ಅದರ ನಿರ್ಮಾತೃ ಶಿಗೆರು ಮಿಯಾಮೊಟೊ ವಿವರಿಸಿದ್ದಾರೆ. ಅದೇ ಹಂತದ ಕೊನೆಯಲ್ಲಿ ಎರಡು ಮೆಟ್ಟಿಲುಸಾಲುಗಳ ನಡುವೆ ಹಾರಬೇಕು. ಮೊದಲ ಸಲ ನಡುವೆ ಗಟ್ಟಿ ನೆಲವಿರುತ್ತದೆ. ಅಂಥದೇ ಇನ್ನೊಂದು ಜೋಡಿ ಮೆಟ್ಟಿಲುಗಳು ಬಂದಾಗ ಮಾತ್ರ ನಡುವೆ ಹೊಂಡ. ಒಂದಕ್ಷರದ ಸೂಚನೆಯಿಲ್ಲದೆ, ಅಪಾಯವಿಲ್ಲದ ಕಡೆ ಅಭ್ಯಾಸ ಮಾಡಿಸಿ ಆಮೇಲೆ ಅಪಾಯವನ್ನು ಎದುರಿಗಿಡುವ ಕ್ರಮ ಯಾವ ಶಿಕ್ಷಣತಜ್ಞರೂ ಮೆಚ್ಚುವಂಥದು.

ಮೊಬೈಲ್ ಫೋನಿನ ಕಾಲದಲ್ಲಿ ಲೆಕ್ಕ ಮತ್ತೊಮ್ಮೆ ತಿರುಗಿತು. 2012ರಲ್ಲಿ ಬಂದ ‘ಕ್ಯಾಂಡಿ ಕ್ರಶ್’ ಆಟ ಉಚಿತ. ಆದರೆ ಅದರಲ್ಲಿ ಐದು ಜೀವಗಳು ಮುಗಿದರೆ ಪ್ರತಿ ಜೀವಕ್ಕೂ ಅರ್ಧ ಗಂಟೆ ಕಾಯಬೇಕು, ಇಲ್ಲವೇ ಹಣ ತೆರಬೇಕು. ಇಲ್ಲಿ ಸೋಲು ಮತ್ತೆ ಸರಕಾಯಿತು. ಈ ದಾರಿಯ ತುತ್ತತುದಿಯಲ್ಲಿದ್ದವು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳು. ಅವುಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿತು. ಅಲ್ಲಿ ಎಡವಿದವರು ನಗುತ್ತಿರಲಿಲ್ಲ ಎಂಬುದನ್ನು ಹೇಳಬೇಕಾಗಿಲ್ಲ. ಎಡವಿದವರಿಂದ ಲಾಭ ಬರುವಲ್ಲಿ ನೆಲ ಡೊಂಕಾಗುತ್ತದೆ, ಎಡವಿದವರಿಂದ ನಷ್ಟವಾಗುವಲ್ಲಿ ನೆಲ ಸಮತಟ್ಟಾಗುತ್ತದೆ ಎಂಬುದು ಈ ಇತಿಹಾಸದ ಸಾರ.

ನೆಲ ಸಮತಟ್ಟು ಮಾಡಿದ ಕೆಲವು ನಿದರ್ಶನಗಳು ಗಮನಾರ್ಹವಾಗಿವೆ. ತೊಂಬತ್ತರ ದಶಕದಲ್ಲಿ ಕಂಪ್ಯೂಟರು ಬಂದ ಕಚೇರಿಗಳಲ್ಲೆಲ್ಲ ಗುಟ್ಟಾಗಿ ಚಾಲ್ತಿಯಲ್ಲಿದ್ದ ‘ಮೈನ್‌ಸ್ವೀಪರ್’ ಆಟವನ್ನು ಅನೇಕರು ಬಲ್ಲರು. ಅದರ ಅತಿ ಕಠಿಣ ಹಂತದಲ್ಲಿ 480 ಮನೆಗಳ ಅಡಿಯಲ್ಲಿ 99 ನೆಲಬಾಂಬುಗಳಿರುತ್ತವೆ. ಆದರೂ ಮೊದಲ ಕ್ಲಿಕ್‌ನಲ್ಲಿ ಯಾರೂ ಸಾಯುವುದಿಲ್ಲ. ಮೊದಲು ಒತ್ತಿದ ಮನೆಯಲ್ಲಿ ಬಾಂಬು ಇದ್ದರೆ, ವಿಂಡೋಸ್‌ನ ಹಳೆಯ ಆವೃತ್ತಿಗಳಲ್ಲಿ, ಆಟವೇ ಅದನ್ನು ಸದ್ದಿಲ್ಲದೆ ಎತ್ತಿ ಬೇರೆಡೆ ಇಡುತ್ತಿತ್ತು. ಏನೂ ತಿಳಿಯದ ಸ್ಥಿತಿಯಲ್ಲಿ ಇಟ್ಟ ಮೊದಲ ಹೆಜ್ಜೆಗೆ ಶಿಕ್ಷೆ ವಿಧಿಸುವುದು ಅನ್ಯಾಯ ಎಂಬ ವಿವೇಕ ಅದರಲ್ಲಿತ್ತು.

2006ರಲ್ಲಿ ಬಂದ ನಿಂಟೆಂಡೊ ವೀ ಯಂತ್ರದ್ದು ಇನ್ನೂ ಸ್ವಾರಸ್ಯಕರ ಪ್ರಸಂಗ. ಕೈಯಲ್ಲಿನ ರಿಮೋಟನ್ನೇ ಟೆನಿಸ್ ಬ್ಯಾಟಿನಂತೆ ಬೀಸಿ ಆಡುವ ವ್ಯವಸ್ಥೆ ಅದರಲ್ಲಿತ್ತು. ಉತ್ಸಾಹಿಗಳ ಕೈಯಿಂದ ರಿಮೋಟು ಹಾರಿ ಟಿವಿಗಳಿಗೆ ಬಡಿಯತೊಡಗಿತು. ಗಟ್ಟಿಯಾಗಿ ಹಿಡಿಯಲು ತಿಳಿಯದ ಗ್ರಾಹಕರದೇ ತಪ್ಪೆಂದು ಕಂಪನಿ ಕೈ ತೊಳೆದುಕೊಳ್ಳಬಹುದಿತ್ತು. ಅದರ ಬದಲು ಅದೇ ವರ್ಷದ ಡಿಸೆಂಬರಿನಲ್ಲಿ ಸುಮಾರು 32 ಲಕ್ಷ ಮಣಿಕಟ್ಟಿನ ದಾರಗಳನ್ನು ಬದಲಿಸಿಕೊಡುವುದಾಗಿ ಪ್ರಕಟಿಸಿತು. ಮರುವರ್ಷ ರಿಮೋಟಿಗೆ ಮೆತ್ತನೆಯ ಕವಚವನ್ನೂ ಉಚಿತವಾಗಿ ಕೊಟ್ಟಿತು. ಇದೇ ಕಂಪನಿ 2009ರ ಮಾರಿಯೊ ಆಟದಲ್ಲಿ ಒಂದೇ ಹಂತದಲ್ಲಿ ಎಂಟು ಬಾರಿ ಸತ್ತವರಿಗೆ ಸಹಾಯದ ಇಟ್ಟಿಗೆಯೊಂದು ತಾನಾಗಿ ಕಾಣುವಂತೆ ಮಾಡಿತು. ಅದನ್ನು ಗುದ್ದಿದರೆ ಇನ್ನೊಂದು ಪಾತ್ರ ಬಂದು ದಾರಿ ತೋರಿಸುತ್ತದೆ. ಧೈರ್ಯ ಬಂದಾಗ ಆಟಗಾರ ಮತ್ತೆ ಚುಕ್ಕಾಣಿ ಹಿಡಿಯಬಹುದು.

ಇಷ್ಟೊಂದು ಸಲುಗೆ ಕೊಟ್ಟರೆ ಕೌಶಲಕ್ಕೆ ಬೆಲೆಯೆಲ್ಲಿ ಎಂದು ಕೇಳುವವರಿದ್ದಾರೆ. ಇದು ಸಾಧುವಾದ ಪ್ರಶ್ನೆಯೇ. ಆದರೆ ಹೊಸಬರಿಗೆ ನೆರವಾದ ಮಾತ್ರಕ್ಕೆ ಪರಿಣತರ ಶಿಖರ ಕುಸಿಯುವುದಿಲ್ಲ. 1984ರಲ್ಲಿ ಮಾಸ್ಕೋದಲ್ಲಿ ಹುಟ್ಟಿದ ‘ಟೆಟ್ರಿಸ್’ ಆಟವನ್ನು ಮೂರು ವರ್ಷದ ಮಗುವೂ ಆಡಲು ತೊಡಗಬಹುದು. ಅದೇ ಆಟದ ಹಳೆಯ ನಿಂಟೆಂಡೊ ಆವೃತ್ತಿಯನ್ನು ಯಂತ್ರವೇ ಸ್ತಬ್ಧವಾಗುವವರೆಗೆ ಆಡಿದ ಮೊದಲ ಮನುಷ್ಯ ಅಮೆರಿಕದ 13 ವರ್ಷದ ಬಾಲಕ. ಅದು ನಡೆದದ್ದು 2023ರ ಡಿಸೆಂಬರಿನಲ್ಲಿ. ಬಾಗಿಲು ಅಗಲವಾಗಿದ್ದರೂ ಮಹಡಿ ಎತ್ತರವಾಗಿಯೇ ಇರಬಹುದು.

ಆಟದ ಪರದೆಯಿಂದ ನಾಗರಿಕ ಸೇವೆಯ ಪರದೆಗೆ ಬಂದಾಗ ಕಾಣುವ ದೃಶ್ಯವೇ ಬೇರೆ. ಇಂದು ಪಿಂಚಣಿ, ಪಡಿತರ, ಪಹಣಿ, ವಿದ್ಯಾರ್ಥಿವೇತನ, ತೆರಿಗೆ ಎಲ್ಲಕ್ಕೂ ಪರದೆಯೇ ಹೆಬ್ಬಾಗಿಲು. ಅಲ್ಲಿ ಎಡವುವವರು ನನ್ನಂತೆಯೇ ಎಡವುತ್ತಾರೆ, ಆದರೆ ನಗುವವರು ಯಾರೂ ಇಲ್ಲ. ಅರ್ಧ ಗಂಟೆ ತುಂಬಿದ ಅರ್ಜಿ ‘ಸಮಯ ಮೀರಿದೆ’ ಎಂಬ ಒಂದು ಸಾಲಿನೊಂದಿಗೆ ಮಾಯವಾಗುತ್ತದೆ. ತಪ್ಪು ಎಲ್ಲಿದೆ ಎಂದು ಹೇಳದೆ ‘ಇನ್‌ವ್ಯಾಲಿಡ್’ ಎಂಬ ಕೆಂಪಕ್ಷರ ಮೂಡುತ್ತದೆ. ಕರ್ನಾಟಕದಲ್ಲಿ ಅಸಂಖ್ಯಾತ ಜನರಿಗೆ ಉಪನಾಮವೆಂಬುದೇ ಇಲ್ಲ. ಊರು ಮತ್ತು ತಂದೆಯ ಹೆಸರಿನ ಮೊದಲಕ್ಷರಗಳೇ ಅವರ ಗುರುತು. ‘ಕೊನೆಯ ಹೆಸರು ಕಡ್ಡಾಯ’ ಎನ್ನುವ ನಮೂನೆಯ ಮುಂದೆ ಅವರು ತಮಗಿಲ್ಲದ ಹೆಸರನ್ನು ಸೃಷ್ಟಿಸಿಕೊಳ್ಳಬೇಕು. ಮುಂದೆ ಅದು ಬೇರೆ ದಾಖಲೆಗಳಿಗೆ ಹೊಂದುವುದಿಲ್ಲವೆಂದು ಅಲೆಯಬೇಕು. ಇಲ್ಲಿ ಕುಣಿಯಲು ಬಾರದವರು ಯಾರು, ನೆಲ ಡೊಂಕಾಗಿರುವುದು ಎಲ್ಲಿ?

ಈ ವ್ಯತ್ಯಾಸಕ್ಕೆ ಅಧಿಕಾರಿಗಳ ಹೃದಯಹೀನತೆ ಕಾರಣವಲ್ಲ. ಕಾರಣ, ಮೇಲೆ ಹೇಳಿದ ಲೆಕ್ಕಾಚಾರವೇ. ಆಟದ ಕಂಪನಿಗೆ ಬೇಸತ್ತ ಗ್ರಾಹಕ ಕೈತಪ್ಪುತ್ತಾನೆ. ಸರ್ಕಾರದ ಗ್ರಾಹಕನಿಗೆ ಹೋಗಲು ಬೇರೆ ಸರ್ಕಾರವಿಲ್ಲ. ಎಡವಿದ್ದರ ಪೂರ್ತಿ ಬೆಲೆಯನ್ನು, ಅಂದರೆ ಕಳೆದ ದಿನಗೂಲಿ, ಬಸ್ ಚಾರ್ಜು, ಮಧ್ಯವರ್ತಿಯ ಶುಲ್ಕವನ್ನು, ನಾಗರಿಕನೇ ತೆರುತ್ತಾನೆ. ಇಲಾಖೆಯ ಯಾವ ಲೆಕ್ಕದ ಪುಸ್ತಕದಲ್ಲೂ ಅದು ನಮೂದಾಗುವುದಿಲ್ಲ. ಯಾರೂ ನಷ್ಟ ಅನುಭವಿಸದ ಕಡೆ ನೆಲವನ್ನು ಸರಿಪಡಿಸುವವರೂ ಇರುವುದಿಲ್ಲ.

ಸರಿಪಡಿಸಿದ ಉದಾಹರಣೆಗಳು ಇಲ್ಲವೆಂದಲ್ಲ. ಪಿಂಚಣಿದಾರರ ಡಿಜಿಟಲ್ ಜೀವಿತ ಪ್ರಮಾಣಪತ್ರ 2014ರಲ್ಲಿ ಜಾರಿಗೆ ಬಂದಾಗ ಬೆರಳಚ್ಚು ಸವೆದ ವೃದ್ಧರನ್ನು ಯಂತ್ರ ಗುರುತಿಸಲು ತೊಡಕಾಗುತ್ತಿತ್ತು. 2021ರಲ್ಲಿ ಮುಖ ಗುರುತಿಸುವ ವ್ಯವಸ್ಥೆ ಬಂತು. ಯುಪಿಐನಲ್ಲಿ ಹಣ ಕಳಿಸುವ ಮುನ್ನ ಪಡೆಯುವವರ ಹೆಸರು ಕಾಣಿಸುವುದೂ ಮೋಡದ ಮೇಲಿನ ಆಮೆ ಹಿಡಿದ ಫಲಕದಂಥದೇ. 2005ರಲ್ಲಿ ಆರಂಭವಾದ ‘ಬೆಂಗಳೂರು ಒನ್’ ಕೇಂದ್ರಗಳಲ್ಲಿ ಯಂತ್ರದ ಹಿಂದೆ ಒಬ್ಬ ಮನುಷ್ಯನಿದ್ದಾನೆ ಎಂಬುದೇ ದೊಡ್ಡ ಸಮಾಧಾನ. ಇನ್ನು 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟು, ಡಿಜಿಟಲ್ ಕೆವೈಸಿಯಲ್ಲಿ ಕಣ್ಣು ಮಿಟುಕಿಸಲಾಗದ ಆ್ಯಸಿಡ್ ದಾಳಿ ಸಂತ್ರಸ್ತರ ಹಾಗೂ ದೃಷ್ಟಿಹೀನರ ಅರ್ಜಿಗಳ ಮೇಲೆ ತೀರ್ಪಿತ್ತು, ಡಿಜಿಟಲ್ ಸೇವೆಗಳನ್ನು ಪಡೆಯುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗವೆಂದು ಸಾರಿದೆ. ಕಣ್ಣು ಮಿಟುಕಿಸಲಾಗದವರದು ಅಸಾಮರ್ಥ್ಯವಲ್ಲ, ಮಿಟುಕಿಸಲೇಬೇಕೆಂದ ಯಂತ್ರದ್ದೇ ದೋಷ ಎಂಬುದು ಅದರ ತಾತ್ಪರ್ಯ.

ಆ ತೀರ್ಪಿನ ಆಶಯ ಎಲ್ಲ ಸೇವೆಗಳಿಗೂ ಹರಡಬೇಕಾದರೆ ಮೂರು ಕ್ರಮಗಳು ಸಾಕು. ಮೊದಲನೆಯದು, ಪ್ರತಿಯೊಂದು ಅರ್ಜಿಗೂ ಅಪಾಯವಿಲ್ಲದೆ ಅಭ್ಯಾಸ ಮಾಡುವ ಪುಟವಿರಲಿ. ತುಂಬಿದ ವಿವರ ಅಳಿಯದಿರಲಿ, ತಪ್ಪು ಎಲ್ಲಾಗಿದೆ ಎಂಬುದನ್ನು ಪರದೆ ಕನ್ನಡದಲ್ಲೇ ತಿಳಿಸಲಿ. ಎರಡನೆಯದು, ಮೂರು ಬಾರಿ ವಿಫಲರಾದವರಿಗೆ ಮನುಷ್ಯರ ನೆರವು ಕೇಳದೆಯೇ ದೊರೆಯಲಿ. ಆಟದ ಕಂಪನಿ ಎಂಟು ಸಾವಿನವರೆಗೆ ಕಾಯಬಹುದು, ಪಿಂಚಣಿ ನಿಂತವರು ಕಾಯಲಾರರು. ಮೂರನೆಯದು ಮತ್ತು ಮುಖ್ಯವಾದದ್ದು, ಎಷ್ಟು ಅರ್ಜಿಗಳು ಬಂದವು ಎಂಬುದರ ಜತೆಗೆ ಎಷ್ಟು ಜನ ಯಾವ ಪುಟದಲ್ಲಿ ಅರ್ಧಕ್ಕೆ ಬಿಟ್ಟುಹೋದರು ಎಂಬ ಲೆಕ್ಕವನ್ನೂ ಪ್ರತಿ ಇಲಾಖೆ ವರ್ಷಕ್ಕೊಮ್ಮೆ ಪ್ರಕಟಿಸಲಿ. ಎಡವಿದವರ ಸಂಖ್ಯೆ ಇಲಾಖೆಯ ಸಾಧನೆಯ ಪಟ್ಟಿಯಲ್ಲಿ ಕಳೆಯುವ ಅಂಕವಾಗಿ ಸೇರಿದ ದಿನ, ನೆಲವನ್ನು ಅಳೆದು ನೋಡುವ ಕೆಲಸ ತಾನಾಗಿಯೇ ಆರಂಭವಾದೀತು.